ಮೃಗಾಲಯದ ಬದಿಯ ಒಂದು ಬೆಡ್‌ರೂಮಿನ ಮನೆ

ಮನೆ ಮಾರುವ ಕೆಲಸಕ್ಕೆ ಬರುವ ಮೊದಲು ನಾನು ಅಮೆರಿಕದ ವಾಷಿಂಗ್ಟನ್ ಹತ್ತಿರ ಹನ್ನೊಂದು ವರ್ಷ ಶಾಲೆಯ ಬಸ್ ಓಡಿಸಿದವಳು. ರಾಕ್‌ವಿಲ್ ಸುತ್ತಮುತ್ತ ಯಾವ ರಸ್ತೆ ಎಲ್ಲಿ ಹೋಗಿ ನಿಲ್ಲುತ್ತದೆ, ಹಿಮ ಬಿದ್ದ ದಿನ ಯಾವ ತಿರುವಿನಲ್ಲಿ ಗಾಡಿ ಜಾರುತ್ತದೆ, ಯಾರ ಮನೆಯ ನಾಯಿ ಬೇಲಿ ಹಾರುತ್ತದೆ, ಎಲ್ಲವೂ ನನಗೆ ಬಾಯಿಪಾಠ. ಮನೆ ಮಾರುವ ಲೈಸೆನ್ಸ್ ಪರೀಕ್ಷೆ ಪಾಸು ಮಾಡಿಕೊಂಡು ಲೊರೇನ್ ಎಂಬಾಕೆಯ ಆಫೀಸಿಗೆ ಕೆಲಸ ಕೇಳಲು ಹೋದಾಗ ಆಕೆ ನನ್ನ ಓದಿನ ಬಗ್ಗೆ ವಿಚಾರಿಸಲೇ ಇಲ್ಲ. ಸಂಜೆ ಐದು ಗಂಟೆಗೆ ಇಲ್ಲಿಂದ ಬೆಥೆಸ್ಡಾಗೆ ಹೇಗೆ ಹೋಗುತ್ತೀಯ ಎಂದು ಮಾತ್ರ ಕೇಳಿದಳು. ನಾನು ಮೂರು ದಾರಿ ಹೇಳಿದೆ. ಮೂರನೆಯದು ಅವಳಿಗೂ ಗೊತ್ತಿರಲಿಲ್ಲ. ಸೋಮವಾರ ಬಾ ಎಂದಳು.

ಈಗ ನಿವೃತ್ತಳಾಗಿದ್ದೇನೆ. ಕನ್ನಡ ಸಂಘದ ಪಿಕ್‌ನಿಕ್‌ಗೆ ಹೋದರೆ ಹೊಸದಾಗಿ ಲೈಸೆನ್ಸ್ ತೆಗೆದುಕೊಂಡ ಹುಡುಗಿಯರು ಬಿಸಿಬೇಳೆಬಾತಿನ ತಟ್ಟೆ ಹಿಡಿದು ಪಕ್ಕಕ್ಕೆ ಬಂದು ಕೂರುತ್ತಾರೆ. “ಪದ್ಮಿನಿ ಆಂಟಿ, ಕ್ಲೈಂಟ್ಸ್‌ನ ಹೇಗೆ ಹ್ಯಾಂಡಲ್ ಮಾಡೋದು, ಟಿಪ್ಸ್ ಕೊಡಿ” ಎನ್ನುತ್ತಾರೆ. ನನ್ನ ಹತ್ತಿರ ಟಿಪ್ಸ್ ಇಲ್ಲ. ಒಳ್ಳೆಯ ಮಾರಾಟಕ್ಕೆಂದು ಕೊಟ್ಟ, ಗೋಡೆಗೆ ನೇತುಹಾಕಿದ ಫಲಕಗಳಿದ್ದವು, ಅವು ಈಗ ಗ್ಯಾರೇಜಿನಲ್ಲಿವೆ. ನನ್ನ ಹತ್ತಿರ ಇರುವುದು ಮಾಡಿದ ತಪ್ಪುಗಳು, ಮತ್ತು ನೆನೆದರೆ ಇಂದಿಗೂ ಕುಣಿಯುವ ಹಾಗಾಗುವ ಒಂದು ಮಾರಾಟ. ಅದನ್ನೇ ಬರೆದುಬಿಡುತ್ತೇನೆ.

ಲೊರೇನ್ ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಆದರೆ ಬಾಸ್. ಎತ್ತರದ ಆಳು, ಗಂಟಲು ಇನ್ನೂ ಎತ್ತರ. ಅವಳು ಕಲಿಸಿದ ಪಾಠ ಎರಡೇ. ಗಿರಾಕಿಗಿಂತ ಮುಂಚೆ ಕೋಣೆಯೊಳಗೆ ನುಗ್ಗಬಾರದು, ಮೊದಲ ನೋಟ ಅವರದಾಗಿರಬೇಕು. ಅಡಿಗೆಮನೆಯಲ್ಲಿ ಬಾಯಿ ಬಿಡಬಾರದು, ಅಲ್ಲಿ ಅವರು ಮನಸ್ಸಿನಲ್ಲೇ ಡಬ್ಬಿಗಳನ್ನು ಜೋಡಿಸುತ್ತಿರುತ್ತಾರೆ. ಎರಡನ್ನೂ ನಾನು ನಿಷ್ಠೆಯಿಂದ ಪಾಲಿಸಿದೆ. ಅವಳು ಹೇಳದೆ ಬಿಟ್ಟ ಮೂರನೆಯ ಪಾಠವೆಂದರೆ, ಮೊದಲು ವಿಳಾಸ ಸರಿಯಾಗಿ ಓದಿಕೊಳ್ಳಬೇಕು.

ಕೆಲಸಕ್ಕೆ ಸೇರಿದ ಮೊದಲ ತಿಂಗಳು. ಒಂದು ದಂಪತಿಯನ್ನು ಮೇಪಲ್ ಲೇನಿನ ಹದಿನಾಲ್ಕನೇ ನಂಬರಿಗೆ ಕರೆದೊಯ್ಯಬೇಕಿತ್ತು. ನಾನು ಕರೆದೊಯ್ದದ್ದು ಮೇಪಲ್ ಕೋರ್ಟಿನ ಹದಿನಾಲ್ಕಕ್ಕೆ. ಮನೆಯಾಕೆ ತಾನೇ ಬಾಗಿಲು ತೆರೆದು ನಗುನಗುತ್ತಾ ಒಳಗೆ ಕರೆದಳು. ನಾವು ಚರ್ಚಿನವರು, ಹೊಸ ಅಡಿಗೆಮನೆ ನೋಡಲು ಬಂದಿದ್ದೇವೆ ಎಂದು ಅವಳು ತಿಳಿದಿದ್ದಳು. ಗಿರಾಕಿ ಮಹಾಶಯರು ಬಟ್ಟೆಯ ಬೀರುಗಳನ್ನು ತೆರೆದು ನೋಡಿದರು, ಸ್ನಾನದ ಮನೆಯ ನಲ್ಲಿ ತಿರುಗಿಸಿದರು, ಮಲಗುವ ಕೋಣೆ ಚಿಕ್ಕದಾಯಿತು ಎಂದು ಗಟ್ಟಿಯಾಗಿ ಹೇಳಿದರು. ಅರ್ಧ ಗಂಟೆಯ ಮೇಲೆ ಆಕೆ ಬಹಳ ಸಂಕೋಚದಿಂದ ನಾವು ಯಾರೆಂದು ಕೇಳಿದಳು. ನಡುಗುತ್ತಾ ಆಫೀಸಿಗೆ ಹೋಗಿ ಒಪ್ಪಿಕೊಂಡೆ. ಲೊರೇನ್ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು, ಆಕೆಗೆ ಮನೆ ಮಾರುವ ಮನಸ್ಸಿದೆಯೇ ಎಂದಳು. ಮರುವರ್ಷ ಮನಸ್ಸು ಬಂತು. ಮಾರಿಸಿಕೊಟ್ಟದ್ದು ನಾನೇ.

ವರ್ಷಗಳು ಹೀಗೇ ಉರುಳಿದವು. ನಮ್ಮ ಜನಕ್ಕೆಲ್ಲ ಬೇಕಾದದ್ದು ಒಂದೇ ನಮೂನೆ: ನಾಲ್ಕು ಬೆಡ್‌ರೂಮು, ಕೆಳಗೊಂದು ಬೇಸ್‌ಮೆಂಟು, ಹತ್ತಿರದಲ್ಲಿ ಒಳ್ಳೆಯ ಶಾಲೆ, ಈಶಾನ್ಯದಲ್ಲಿ ದೇವರಿಗೊಂದು ಜಾಗ. ಫೋನಿನ ದಿಕ್ಸೂಚಿ ಹಿಡಿದು ಲಿವಿಂಗ್ ರೂಮಿನಲ್ಲಿ ಬುಗುರಿಯಂತೆ ತಿರುಗಿದ ಗಂಡಸರನ್ನು ನಾನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ಅಷ್ಟರಲ್ಲಿ ಕೋವಿಡ್ ಬಂತು. ಕೆಲಸದ ರೀತಿಯೇ ತಲೆಕೆಳಗಾಯಿತು. ಮಾಸ್ಕು, ಕೈಗವಸು, ಚಪ್ಪಲಿಗೆ ನೀಲಿ ಚೀಲ. ಒಂದು ಸಲಕ್ಕೆ ಒಂದೇ ಕುಟುಂಬ, ಹದಿನೈದೇ ನಿಮಿಷ. ಊರಾಚೆಯವರಿಗೆ ಫೋನಿನಲ್ಲೇ ಮನೆ ತೋರಿಸಬೇಕು.

ದೂರದ ಜಾನ್ಸ್ ಕ್ರೀಕ್‌ನಿಂದ ಇತ್ತ ಬರಲಿದ್ದ ಗಂಡಹೆಂಡಿರ ಜೋಡಿಯೊಂದಕ್ಕೆ ನಾನು ಮೊದಲ ಸಲ ಹಾಗೆ ಮನೆ ತೋರಿಸಿದೆ. ಫೋನನ್ನು ಆರತಿಯ ಹಾಗೆ ಮುಂದೆ ಹಿಡಿದು ಕೋಣೆಯಿಂದ ಕೋಣೆಗೆ ನಡೆದೆ. ಬೆಳಕು ನೋಡಿ ಎಂದೆ, ನೆಲ ನೋಡಿ ಎಂದೆ. ಅವರು ಹೂಂ ಹೂಂ ಎಂದರು. ಎಲ್ಲ ಮುಗಿದ ಮೇಲೆ ಗಂಡ ಬಹಳ ವಿನಯದಿಂದ, “ಮನೆ ಚೆನ್ನಾಗಿದೆ ಅನ್ಸತ್ತೆ ಆಂಟಿ. ಒಂದ್ಸಲ ಕ್ಯಾಮೆರಾ ಫ್ಲಿಪ್ ಮಾಡ್ತೀರಾ?” ಎಂದ. ಅವರು ಅಷ್ಟು ಹೊತ್ತು ನೋಡಿದ್ದು ನನ್ನ ಮಾಸ್ಕು ಮತ್ತು ಬೆವೆತ ಹಣೆಯನ್ನು ಮಾತ್ರ.

ಗಿರಿಜಾ ಫೋನ್ ಮಾಡಿದ್ದು ಅದರ ಮುಂದಿನ ವಸಂತದಲ್ಲಿ. ವಿಜಾಪುರದ ಕಡೆಯವರು. ಸರ್ಕಾರಿ ಪ್ರಯೋಗಾಲಯವೊಂದರಲ್ಲಿ ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ನೋಡಿ, ಕೊಲ್ಲುವ ಕೆಲಸ ಮಾಡಿ ಆಗಷ್ಟೇ ನಿವೃತ್ತರಾಗಿದ್ದರು. ಮದುವೆಯಾದವರಲ್ಲ. ಅಮೆರಿಕಕ್ಕೆ ಬಂದಾಗಿನಿಂದ ರಾಕ್‌ವಿಲ್‌ನಲ್ಲಿ ತಮ್ಮ ಶಿವಾನಂದನ ಮನೆಯ ಬೇಸ್‌ಮೆಂಟಿನಲ್ಲಿ ವಾಸ. ಈಗ ತಮಗೊಂದು ಮನೆ ಬೇಕು, ಒಂದೇ ಬೆಡ್‌ರೂಮು ಸಾಕು, ಅದು ವಾಷಿಂಗ್ಟನ್ ಊರೊಳಗೇ ಇರಬೇಕು ಎಂದರು. ಬಾಲ್ಕನಿ ಬೇಕೆ, ಪಾರ್ಕಿಂಗ್ ಬೇಕೆ ಎಂದು ಕೇಳಿದೆ. ನಡೆದು ಹೋಗಿ ಹಾಲು ತರುವಂತಿದ್ದರೆ ಸಾಕು ಎಂದರು.

ಹತ್ತೊಂಬತ್ತು ಮನೆ ತೋರಿಸಿದೆ. ಹತ್ತೊಂಬತ್ತೂ ಬೇಡವಾದವು. ಕಲ್ಲಂಗಡಿ ಕೊಳ್ಳುವವರು ಬಡಿದು ನೋಡುವ ಹಾಗೆ ಅವರು ಗೋಡೆಗೆ ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದರು. ಟೊಳ್ಳು ಎಂದು ತಲೆಯಾಡಿಸಿ ಹೊರಗೆ ನಡೆಯುತ್ತಿದ್ದರು. ಒಂದರಲ್ಲಿ ಕಿಟಕಿ ತೆರೆಯಲು ಬರುವುದಿಲ್ಲ. ಇನ್ನೊಂದರ ಅಡಿಗೆಮನೆ ತಮ್ಮ ಪ್ರಯೋಗಾಲಯದ ಹಾಗೇ ಇದೆ, ಅಲ್ಲಿ ಅನ್ನ ಮಾಡಿದರೆ ಲೇಬಲ್ ಅಂಟಿಸಬೇಕಾಗುತ್ತದೆ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆಕೆ ಪ್ರತಿ ಮನೆಯನ್ನೂ ಅಷ್ಟು ಹುರುಪಿನಿಂದ ನೋಡಿ ಅಷ್ಟೇ ಹುರುಪಿನಿಂದ ತಿರಸ್ಕರಿಸುತ್ತಿದ್ದರು. ಜಾತ್ರೆಯಲ್ಲಿ ಬಳೆ ಆರಿಸುವ ಹುಡುಗಿಯ ಜೊತೆ ಸುತ್ತಿದ ಹಾಗಿತ್ತು.

ಇಪ್ಪತ್ತನೆಯದು ಕನೆಕ್ಟಿಕಟ್ ಅವೆನ್ಯೂವಿನ ಹಿಂದಿನ ಒಂದು ಇಟ್ಟಿಗೆ ಕಟ್ಟಡದ ಐದನೇ ಮಹಡಿ. ಎರಡನೇ ಮಹಾಯುದ್ಧಕ್ಕೂ ಮುಂಚೆ ಕಟ್ಟಿದ್ದು. ಕೋ-ಆಪ್, ಅಂದರೆ ಸಹಕಾರಿ ಕಟ್ಟಡ. ಅಲ್ಲಿ ನೀವು ಮನೆಯನ್ನು ಕೊಳ್ಳುವುದಿಲ್ಲ. ಇಡೀ ಕಟ್ಟಡದಲ್ಲಿ ಪಾಲು ಕೊಳ್ಳುತ್ತೀರಿ, ಆ ಪಾಲಿಗೆ ಒಂದು ಮನೆಯಲ್ಲಿ ವಾಸಿಸುವ ಹಕ್ಕು ಸಿಗುತ್ತದೆ. ಮಾರುವವರು ಒಪ್ಪಿದರೆ ಸಾಲದು, ಅಲ್ಲಿ ವಾಸವಾಗಿರುವವರ ಬೋರ್ಡು ನಿಮ್ಮನ್ನು ಕೂರಿಸಿ ಪ್ರಶ್ನೆ ಕೇಳಿ ಒಪ್ಪಬೇಕು. ಹೆಣ್ಣು ನೋಡುವ ಶಾಸ್ತ್ರವೇ. ಉಪ್ಪಿಟ್ಟು ಮಾತ್ರ ಇರುವುದಿಲ್ಲ.

ಲಿಫ್ಟು ಹಿತ್ತಾಳೆಯ ಜಾಲರಿಬಾಗಿಲಿನದು. ಕೋವಿಡ್ ನಿಯಮದಂತೆ ಒಬ್ಬರಿಗೆ ಮಾತ್ರ ಪ್ರವೇಶ. ಅವರನ್ನು ಲಿಫ್ಟಿನಲ್ಲಿ ಕಳಿಸಿ ನಾನು ಮೆಟ್ಟಿಲು ಹಿಡಿದೆ. ಏದುಸಿರು ಬಿಡುತ್ತಾ ಮೂರು ಮಹಡಿ ಹತ್ತಿದಾಗ ತಲೆಯ ಮೇಲಿಂದ ಯಾರೋ ನನ್ನ ಹೆಸರು ಕರೆದರು. ಲಿಫ್ಟು ಮೂರಕ್ಕೂ ನಾಲ್ಕಕ್ಕೂ ನಡುವೆ ನಿಂತಿತ್ತು. ಜಾಲರಿಯ ಹಿಂದೆ ಗಿರಿಜಾ ಅವರ ಬೂಟುಗಳು ಮಾತ್ರ ಕಾಣುತ್ತಿದ್ದವು.

ಕಟ್ಟಡದ ಆಫೀಸಿಗೆ ಫೋನ್ ಮಾಡಿದೆ. ಜನ ಬರಲು ಅರ್ಧ ಗಂಟೆ ಬೇಕು ಎಂದರು. ನಾನು ಮೆಟ್ಟಿಲ ಮೇಲೆ ಕುಳಿತು, ಹೆದರಬೇಡಿ ಎಂದು ಆ ಬೂಟುಗಳಿಗೆ ಸಮಾಧಾನ ಹೇಳಿದೆ. ಅವರು ಹೆದರಿರಲೇ ಇಲ್ಲ. ಒಳಗಿನ ಕನ್ನಡಿ ಎಷ್ಟು ಚಂದ ಇದೆ, ಕೂರಲು ಪುಟ್ಟ ಬೆಂಚು ಬೇರೆ ಇದೆ ಎಂದು ಮೇಲಿನಿಂದ ವರದಿ ಕೊಡುತ್ತಿದ್ದರು. ನಗುನಗುತ್ತಲೇ ತಮ್ಮ ಕಥೆಯನ್ನೂ ಹೇಳಿದರು. ತಮ್ಮನ ಮಕ್ಕಳಿಬ್ಬರನ್ನೂ ತಾವೇ ಎತ್ತಿ ಆಡಿಸಿದ್ದು, ಈಜು ತರಗತಿಗೆ, ಪಿಟೀಲು ತರಗತಿಗೆ ಕರೆದೊಯ್ದದ್ದು. ಆ ಮಕ್ಕಳು ದೊಡ್ಡವರಾಗಿ ಮನೆ ಬಿಟ್ಟು ಹೋದ ಮೇಲೆ, ಬೇಸ್‌ಮೆಂಟಿನಲ್ಲಿ ಕುಳಿತ ಒಂದು ಮಧ್ಯಾಹ್ನ, ತಾವು ಈತನಕ ಒಂದು ಪರದೆಯ ಬಟ್ಟೆಯನ್ನೂ ಆರಿಸಿದವರಲ್ಲ ಎಂಬುದು ಹೊಳೆದದ್ದು.

ಅಷ್ಟರಲ್ಲಿ ಊರುಗೋಲು ಹಿಡಿದ ಒಬ್ಬ ಬೆಳ್ಳಗಿನ ಮುದುಕಿ ನಿಧಾನವಾಗಿ ಮೆಟ್ಟಿಲಿಳಿದು ಬಂದರು. ನಮ್ಮನ್ನು ನೋಡಿದರು. ಊರುಗೋಲಿನಿಂದ ಜಾಲರಿಯ ಒಂದು ಮೂಲೆಗೆ ಎರಡು ಸಲ ಬಡಿದರು. ಲಿಫ್ಟು ನಿಟ್ಟುಸಿರು ಬಿಟ್ಟು ಮೇಲಕ್ಕೆ ಹೊರಟಿತು. ಹೊರಟ ಲಿಫ್ಟಿನೊಳಗಿಂದ ಗಿರಿಜಾ ಧನ್ಯವಾದ ಹೇಳಿ, ಈ ಕಟ್ಟಡವನ್ನು ನಡೆಸುವ ಪುಣ್ಯಾತ್ಮರು ಯಾರಾದರೂ ನಿಮಗೆ ಗೊತ್ತಿದ್ದರೆ ಇದಕ್ಕೊಂದಿಷ್ಟು ಎಣ್ಣೆ ಬಿಡಲು ಹೇಳಿ ಎಂದು ಇಂಗ್ಲಿಷಿನಲ್ಲಿ ಕೂಗಿದರು. ಖಂಡಿತ ಹೇಳುತ್ತೇನೆ ಎಂದು ಆಕೆ ಕೆಳಗಿಳಿದು ಹೋದರು.

ಮನೆಯ ಬಾಗಿಲು ತೆರೆದು ನಾನು ಪಕ್ಕಕ್ಕೆ ಸರಿದು ನಿಂತೆ. ಗಿರಿಜಾ ಒಳಗೆ ಕಾಲಿಟ್ಟರು. ಬಾಣದ ಗರಿಯಂತೆ ಜೋಡಿಸಿದ ಓಕ್ ಮರದ ನೆಲ. ಕಮಾನಿನ ದ್ವಾರ. ಗಾಜಿನ ಹಿಡಿಕೆಯ ಬಾಗಿಲುಗಳು. ಅಡಿಗೆಮನೆ ರೈಲು ಡಬ್ಬಿಯ ಓಣಿಯಷ್ಟೇ ಅಗಲ, ಆದರೆ ಕೊನೆಯಲ್ಲೊಂದು ದೊಡ್ಡ ಕಿಟಕಿ. ಅವರು ಗೋಡೆಗೆ ಬಡಿದರು. ಸದ್ದೇ ಬರಲಿಲ್ಲ. ಇನ್ನೊಮ್ಮೆ ಬಡಿದು ಬೆರಳನ್ನು ಬಾಯಿಗಿಟ್ಟುಕೊಂಡರು, ನೋವಾಗಿತ್ತು. ಟೊಳ್ಳಲ್ಲದ ಗೋಡೆ ಕೊನೆಗೂ ಸಿಕ್ಕಿತ್ತು.

ಆಗಲೇ ಹೊರಗಿನಿಂದ ಒಂದು ಸದ್ದು ಬಂತು. ದೊಡ್ಡ ಪಾತ್ರೆಯನ್ನು ಕಲ್ಲಿನ ಮೇಲೆ ಎಳೆದ ಹಾಗೆ, ಆಳದಿಂದ ಎದ್ದು ಬರುವ ಸದ್ದು. ಕಾಡಿನ ಇಳಿಜಾರಿನ ಆಚೆ ಮೃಗಾಲಯವಿದೆ ಎಂಬುದು ನನಗೆ ಗೊತ್ತಿತ್ತು. ಅದರ ಸಿಂಹ ಇಲ್ಲಿಗೆ ಕೇಳಿಸುತ್ತದೆ ಎಂಬುದು ಗೊತ್ತಿರಲಿಲ್ಲ. ಹತ್ತೊಂಬತ್ತು ಮನೆ ಕಣ್ಣ ಮುಂದೆ ಬಂದವು. ಇದೂ ಕೈತಪ್ಪಿತಲ್ಲ ಎಂಬ ಗಾಬರಿಯಲ್ಲಿ, ಲೊರೇನಳ ಪಾಠವನ್ನು ಮರೆತು ಅಡಿಗೆಮನೆಯಲ್ಲೇ ಬಾಯಿಬಿಟ್ಟೆ.

“ಅದು ರೇಡಿಯೇಟರ್,” ಎಂದೆ. “ಹಳೇ ಬಿಲ್ಡಿಂಗ್ ಅಲ್ವಾ, ಹಾಗೇ ಸದ್ದು ಮಾಡ್ತಿರತ್ತೆ.”

ಗಿರಿಜಾ ಹೋಗಿ ಕಿಟಕಿಯ ಕೆಳಗಿದ್ದ, ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಕಬ್ಬಿಣದ ರೇಡಿಯೇಟರಿನ ಮೇಲೆ ಕೈಯಿಟ್ಟರು. ಮೇ ತಿಂಗಳು.

“ಪದ್ಮಿನಿಯವರ, ಇದು ತಣ್ಣಗ ಐತ್ರಿ.”

ಸಿಂಹ ಮತ್ತೆ ಗರ್ಜಿಸಿತು. ಈ ಸಲ ಬಿಟ್ಟುಬಿಟ್ಟು ಐದಾರು ಸಲ. ಗಿರಿಜಾ ಕಿಟಕಿಯನ್ನು ಎತ್ತಿ ತಲೆ ಹೊರಗೆ ಹಾಕಿದರು. ಅವರ ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾರೆಂದೇ ತಿಳಿದೆ. ತಲೆ ಒಳಗೆ ತಂದಾಗ ನೋಡಿದರೆ ನಗುವಿನಿಂದ ಮಾಸ್ಕು ಮೂಗಿನ ಕೆಳಗೆ ಜಾರಿತ್ತು.

“ಸಿಂಹದ ರೇಡಿಯೇಟರ್ ಇರೋ ಮನಿ ನನಗ ಬೇಕ್ರಿ,” ಎಂದರು. “ಇದ ಬೇಕು.”

ನಾಚಿಕೆಯಿಂದ ನೆಲಕ್ಕಿಳಿದು ಹೋದೆ. ಈ ಕೆಲಸಕ್ಕೆ ಬರುವ ಹುಡುಗಿಯರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು. ಮನೆಯ ದೋಷ ಯಾವುದು, ಗುಣ ಯಾವುದು ಎಂದು ತೀರ್ಮಾನಿಸುವವರು ನಾವಲ್ಲ. ನಾನು ಮುಚ್ಚಿಡಲು ಹೋದದ್ದನ್ನೇ ಆ ಹೆಂಗಸು ಕೊಂಡರು.

ಮರುವಾರ ಶಿವಾನಂದ ಬಂದರು. ಎಂಜಿನಿಯರು. ಕೈಯಲ್ಲಿ ಟಾರ್ಚು, ರಸಮಟ್ಟ, ಜೇಬಿನಲ್ಲೊಂದು ಗೋಲಿ. ಗೋಲಿಯನ್ನು ಲಿವಿಂಗ್ ರೂಮಿನ ನಡುವೆ ಇಟ್ಟರು. ಅದು ಸ್ವಲ್ಪ ಯೋಚನೆ ಮಾಡಿ, ಮೆಲ್ಲಗೆ ಹೊರಟು, ಕಮಾನು ದಾಟಿ, ಬೆಡ್‌ರೂಮಿಗೆ ಹೋಗಿ ಮೂಲೆ ಸೇರಿತು. ನೆಲ ಇಳಿಜಾರಾಗಿದೆ ಎಂದರು. ವೈರಿಂಗು ಹಳೆಯದು, ಕಿಟಕಿಯ ಚೌಕಟ್ಟು ಸಡಿಲ ಎಂದರು. ದುಡ್ಡು ಕೊಟ್ಟ ಮೇಲೂ ಮನೆ ನಮ್ಮದಲ್ಲವಂತೆ, ಪಾಲಿನ ಪತ್ರ ಕೊಡುತ್ತಾರಂತೆ, ಇದೆಂಥ ವ್ಯಾಪಾರ ಎಂದು ನನ್ನನ್ನು ಕೇಳಿದರು. ನಾನು ಕೋ-ಆಪ್ ಎಂದರೇನು ಎಂದು ಬಿಡಿಸಿ ಹೇಳಿದೆ. ಅವರು ಕೇಳಿಸಿಕೊಳ್ಳುತ್ತಿರಲಿಲ್ಲ. ಗೋಲಿಯನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡು ಅಕ್ಕನ ಮುಂದೆ ನಿಂತರು.

“ನಾವೇನ್ ಕಡಿಮಿ ಮಾಡೇವಿ ಅಕ್ಕಾ?”

ನಾನು ಹೊರಗೆ ಹೋಗಬೇಕೆಂದು ತಿರುಗಿದೆ. ಗಿರಿಜಾ ನನ್ನ ಕೈ ಹಿಡಿದು ನಿಲ್ಲಿಸಿಕೊಂಡರು.

“ಕಡಿಮಿ ಏನೂ ಮಾಡಿಲ್ಲಪಾ. ನಿಮ್ಮ ಮನಿಗೆ ಎಷ್ಟ್ ಮಂದಿ ಬಂದ್ರು, ಎಷ್ಟ್ ಹಬ್ಬ ಆದ್ವು. ನೀ ಬಾಗ್ಲ ತೆಗದು ಬರ್ರಿ ಅಂದಿ, ನಿನ್ನ ಹೇಣ್ತಿ ಬರ್ರಿ ಅಂದ್ಲು. ನಾ ಎಂದೂ ಅನ್ಲಿಲ್ಲ. ಅನ್ನಬ್ಯಾಡ ಅಂತ ಯಾರೂ ಹೇಳಿಲ್ಲ. ಅದು ನನ್ನ ಬಾಗ್ಲಲ್ಲ, ಅಷ್ಟ. ಒಂದ್ ಸಲ ನನ್ನ ಬಾಗ್ಲಾಗ ನಿಂತು ಬರ್ರಿ ಅನ್ನೋ ಆಸೆ ಐತಿ.”

ಶಿವಾನಂದ ಟಾರ್ಚನ್ನು ಆರಿಸಿದರು, ಮತ್ತೆ ಹಚ್ಚಿದರು, ಮತ್ತೆ ಆರಿಸಿದರು. ಆಮೇಲೆ ಮೆಟ್ಟಿಲಿಳಿದು ಹೋದರು.

ಮಾರುವವರು ಒಪ್ಪಿದರು. ಬೋರ್ಡಿಗೆ ಕೊಡಬೇಕಾದ ಕಾಗದಗಳು ಒಂದು ಮದುವೆಯ ಆಲ್ಬಮ್ಮಿನಷ್ಟು ದಪ್ಪ. ಅದರಲ್ಲಿ ಮೂರು ಶಿಫಾರಸು ಪತ್ರ. ಒಂದನ್ನು ಪ್ರಯೋಗಾಲಯದ ಹಳೆಯ ಮೇಲಧಿಕಾರಿ ಬರೆದರು, ಒಂದನ್ನು ಪಕ್ಕದ ಮನೆಯವರು. ಮೂರನೆಯದನ್ನು ಅರ್ಜಿದಾರರ ಜೊತೆ ಒಂದೇ ಸೂರಿನ ಕೆಳಗೆ ಬಾಳಿದವರೇ ಬರೆಯಬೇಕು. ಅದು ಆ ಕಟ್ಟಡದ ನಿಯಮ. ಬರೆಯಬಲ್ಲವರು ಶಿವಾನಂದ ಮತ್ತು ಅವರ ಹೆಂಡತಿ. ತಮ್ಮನೇ ಬರೆಯಲಿ ಎಂದು ಗಿರಿಜಾ ಹಟ ಹಿಡಿದರು. ಅವನನ್ನು ಬಿಟ್ಟು ಕಳ್ಳದಾರಿಯಿಂದ ಆ ಮನೆಗೆ ಹೋಗುವುದಿಲ್ಲ ಎಂದರು.

ಒಂದು ವಾರ ಹೋಯಿತು, ಎರಡು ಹೋದವು. ಪತ್ರ ಬರಲಿಲ್ಲ. ಅತ್ತ ಇನ್ನೊಬ್ಬ ಗಿರಾಕಿ ಅದೇ ಮನೆಗೆ ಕಾದು ಕುಳಿತಿದ್ದಾನೆಂದು ಸುದ್ದಿ. ಶುಕ್ರವಾರ ಸಂಜೆಯೊಳಗೆ ಕಾಗದ ಪೂರ್ತಿಯಾಗದಿದ್ದರೆ ಒಪ್ಪಂದ ಬಿದ್ದುಹೋಗುತ್ತಿತ್ತು. ನಾನು ದಿನಕ್ಕೆ ಮೂರು ಸಲ ಲೊರೇನಳ ಮೇಜಿನ ಮುಂದೆ ನಿಂತು ಗೋಳಾಡಿದೆ. ಅವಳು ಒಮ್ಮೆ ಮಾತ್ರ ತಲೆಯೆತ್ತಿ, ಅಣ್ಣತಮ್ಮಂದಿರಿಗೆ ಅವಸರ ಮಾಡಬೇಡ, ಮಾಡಿದರೆ ಕೆಟ್ಟದ್ದಾಗಿ ಬರೆಯುತ್ತಾರೆ ಎಂದಳು. ಶುಕ್ರವಾರ ಮಧ್ಯಾಹ್ನ ಬೋರ್ಡಿನ ಕಡೆಯಿಂದ ಇಮೇಲ್ ಬಂತು: ಮೂರನೆಯ ಪತ್ರ ನೇರವಾಗಿ ತಲುಪಿದೆ, ಸಂದರ್ಶನ ಬುಧವಾರ ಬೆಳಿಗ್ಗೆ. ಅದರಲ್ಲಿ ಏನು ಬರೆದಿದೆ ಎಂದು ಆಗ ನನಗೂ ಗೊತ್ತಿರಲಿಲ್ಲ, ಗಿರಿಜಾ ಅವರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಕೇಳಿದರೆ ಶಿವಾನಂದ ಹುಲ್ಲು ಕತ್ತರಿಸಲು ಎದ್ದು ಹೋಗುತ್ತಿದ್ದರಂತೆ.

ಸಂದರ್ಶನ ವಿಡಿಯೋದಲ್ಲಿ. ಏಜೆಂಟರು ಇರಕೂಡದು. ಬೇಸ್‌ಮೆಂಟಿನಲ್ಲಿ ಕಂಪ್ಯೂಟರು ಜೋಡಿಸಿಕೊಟ್ಟು ನಾನು ಹೊರಟೆ, ಆದರೆ ಕಾಲು ಬರಲಿಲ್ಲ. ಮೆಟ್ಟಿಲ ಮೇಲೆ ಕುಳಿತೆ. ತಿರುಗಿ ನೋಡಿದರೆ ನಾಲ್ಕು ಮೆಟ್ಟಿಲು ಮೇಲೆ ಶಿವಾನಂದ ಕುಳಿತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಕಾಣದವರಂತೆ ಮುಖ ತಿರುಗಿಸಿದೆವು.

ಕೆಳಗೆ ಬೋರ್ಡಿನ ಅಧ್ಯಕ್ಷೆಯ ದನಿ ಕೇಳಿಸಿತು. ಹೆಸರು ಮಿಸೆಸ್ ಹಾಲೊವೇ. ಆಮೇಲೆ ತಿಳಿಯಿತು, ಪರದೆಯ ಮೇಲೆ ಕಂಡದ್ದು ಊರುಗೋಲಿನ ಅದೇ ಮುದುಕಿ. ಎಣ್ಣೆಯ ವಿಷಯ ತಾವು ತಲುಪಿಸಿದ್ದಾಗಿ ಆಕೆ ಗಂಭೀರವಾಗಿ ಹೇಳಿದರು. ಇದೇ ಬೋರ್ಡಿನಲ್ಲಿ ಹನ್ನೊಂದು ವರ್ಷದಿಂದ ತಾವೂ ಅದನ್ನೇ ಹೇಳುತ್ತಿರುವುದಾಗಿಯೂ, ಅನುಮೋದಿಸುವವರು ಒಬ್ಬರೂ ಸಿಕ್ಕಿಲ್ಲವೆಂದೂ ಹೇಳಿದರು. ಉಳಿದ ಸದಸ್ಯರಿಬ್ಬರು ಕೆಮ್ಮಿದರು. ಪ್ರಾಣಿಗಳ ಸದ್ದಿನ ಬಗ್ಗೆ ಏಜೆಂಟರು ಮೊದಲೇ ತಿಳಿಸಿದ್ದಾರೆಯೇ ಎಂದು ಒಬ್ಬರು ಕೇಳಿದರು. ತಿಳಿಸಿದ್ದಾರೆ, ತಮ್ಮದೇ ರೀತಿಯಲ್ಲಿ ಎಂದರು ಗಿರಿಜಾ. ನಾನು ಮೆಟ್ಟಿಲ ಮೇಲೆ ಸೆರಗಿನಂತೆ ಶಾಲು ಮುಖಕ್ಕೆಳೆದುಕೊಂಡೆ.

ಆಮೇಲೆ ಮಿಸೆಸ್ ಹಾಲೊವೇ, ನಿಮ್ಮ ತಮ್ಮನ ಪತ್ರದ ಸ್ವಲ್ಪ ಭಾಗ ಓದಲೇ ಎಂದು ಕೇಳಿದರು. ನನ್ನ ಹಿಂದೆ ಮೆಟ್ಟಿಲು ಕಿರುಗುಟ್ಟಿತು. ಶಿವಾನಂದ ಎದ್ದು ನಿಂತಿದ್ದರು. ಓಡಿಹೋಗುತ್ತಾರೇನೋ ಎಂದುಕೊಂಡೆ. ಹೋಗಲಿಲ್ಲ.

ಅದು ಪತ್ರವಲ್ಲ, ತಪಾಸಣಾ ವರದಿ. ಅವರಿಗೆ ಬರೆಯಲು ಬರುತ್ತಿದ್ದದ್ದು ಅದೊಂದೇ. ಮೂವತ್ತೊಂದು ವರ್ಷ ಒಂದೇ ಮನೆಯಲ್ಲಿ ಅವಲೋಕಿಸಿದ ಮೇಲೆ ಬರೆದದ್ದು ಎಂದು ಶುರುವಾಗಿತ್ತು. ಶಬ್ದ: ಇಲ್ಲ, ಬೆಳಿಗ್ಗೆ ಐದೂವರೆಗೆ ಹಾಡು ಹೇಳಿಕೊಳ್ಳುವುದನ್ನು ಬಿಟ್ಟರೆ. ಸೋರಿಕೆ: ಮನೆಯ ಗುಟ್ಟು ಒಂದೂ ಹೊರಗೆ ಹೋದದ್ದಿಲ್ಲ. ಭಾರ: ನಮ್ಮ ಮನೆಯ ಬಹುಪಾಲು ಭಾರವನ್ನು ಈಕೆ ಹೊತ್ತಿದ್ದಾಳೆ, ಅದು ನಮಗೆ ಈಚೆಗೆ ಗೊತ್ತಾಯಿತು. ದೋಷ: ಬೇರೆಯವರ ಗಿಡಗಳಿಗೂ ಕೇಳದೆ ನೀರು ಹಾಕುತ್ತಾಳೆ. ಕೊನೆಗೆ ಒಂದು ಎಚ್ಚರಿಕೆ. ಒಮ್ಮೆ ಈಕೆ ನಿಮ್ಮ ಕಟ್ಟಡದಲ್ಲಿ ನೆಲೆಸಿದರೆ ಹಿಂದಕ್ಕೆ ಕಳಿಸಲು ನಿಮಗೆ ಮನಸ್ಸು ಬರುವುದಿಲ್ಲ. ನಮಗೂ ಬರುತ್ತಿಲ್ಲ. ಆದರೂ ಶಿಫಾರಸು ಮಾಡುತ್ತೇನೆ.

ಕೆಳಗಿನಿಂದ ಗಿರಿಜಾ, ಕ್ಷಮಿಸಿ, ನನಗೊಂದು ನಿಮಿಷ ಬೇಕು ಎಂದರು. ಮಿಸೆಸ್ ಹಾಲೊವೇ, ನಮಗೂ ಬೇಕು ಎಂದರು. ನಾನು ಹಿಂತಿರುಗಿ ನೋಡಲಿಲ್ಲ. ಕೈಯಲ್ಲಿದ್ದ ಟಿಶ್ಯೂ ಡಬ್ಬಿಯನ್ನು ಹಾಗೇ ಹಿಂದಕ್ಕೆ ಚಾಚಿದೆ. ಯಾರೋ ತೆಗೆದುಕೊಂಡರು.

ಉತ್ತರಕ್ಕೆ ಎಂಟು ದಿನ ಕಾಯಿಸಿದರು. ಒಂಬತ್ತನೆಯ ದಿನ ನಾನು ಇಂಡಿಯನ್ ಅಂಗಡಿಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದಾಗ ಫೋನ್ ಬಂತು. ಒಪ್ಪಿದ್ದಾರೆ, ಸರ್ವಾನುಮತದಿಂದ. ಮುಷ್ಟಿಯಲ್ಲಿದ್ದ ಬೆಂಡೆಕಾಯಿ ಮೇಲಕ್ಕೆ ಹಾರಿತು. ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸು, ಮಗಳಿಗೆ ಗಂಡು ಗೊತ್ತಾಯಿತೇ ಎಂದು ಕೇಳಿದರು. ಅದಕ್ಕಿಂತ ದೊಡ್ಡದು ಎಂದು ಅವರ ಕೈ ಹಿಡಿದು ಕುಲುಕಿದೆ. ಅವರು ಹೆದರಿ ನುಗ್ಗೆಕಾಯಿಯ ಕಡೆಗೆ ಸರಿದರು.

ಮೊದಲೆಲ್ಲ ಸಹಿ ಹಾಕುವ ದಿನ ದೊಡ್ಡ ಮೇಜು, ಕಾಫಿ, ಹಸ್ತಲಾಘವ ಇರುತ್ತಿದ್ದವು. ಈಗ ವಕೀಲರ ಆಫೀಸಿನ ಪಾರ್ಕಿಂಗ್ ಜಾಗದಲ್ಲಿ ಕಾರಿನೊಳಗೇ ಕೂತಿರಬೇಕು. ಗುಮಾಸ್ತೆ ಬಂದು ಬರ್ಗರ್ ಕೊಡುವ ಹಾಗೆ ಕಿಟಕಿಯಿಂದ ಕಾಗದದ ಕಟ್ಟು ಕೊಟ್ಟಳು. ಗಿರಿಜಾ ಸ್ಟಿಯರಿಂಗಿನ ಮೇಲಿಟ್ಟುಕೊಂಡು ಸಹಿ ಹಾಕಿದರು. ನಡುವೆ ಮೊಣಕೈ ತಾಗಿ ಹಾರ್ನ್ ಕೂಗಿತು. ಕೂಗಿದ್ದೇ ಒಳ್ಳೆಯದಾಯಿತೆಂದು ಇನ್ನೆರಡು ಸಲ ಬೇಕೆಂದೇ ಬಾರಿಸಿದರು. ಸುತ್ತಲಿನ ಕಾರುಗಳಲ್ಲಿ ಸಹಿ ಹಾಕುತ್ತಿದ್ದವರೂ ಏನೆಂದು ತಿಳಿಯದೆ ತಮ್ಮ ಹಾರ್ನ್ ಬಾರಿಸಿದರು. ನಾನು ಪಕ್ಕದ ಕಾರಿನಿಂದ ಇಳಿದು ಪಾರ್ಕಿಂಗ್ ಜಾಗದ ನಡುವೆ ನಿಂತು ನಕ್ಕೆ. ಇಪ್ಪತ್ತು ವರ್ಷ ಮೇಜಿನ ಸುತ್ತ ಕೂತು ಮಾಡಿದ ಯಾವ ಮಾರಾಟದಲ್ಲೂ ಇಂಥ ಮೆರವಣಿಗೆ ಕಂಡಿರಲಿಲ್ಲ.

ಮನೆ ಬದಲಾಯಿಸಿದ ದಿನ ಶಿವಾನಂದ ಬೆಳಿಗ್ಗೆ ಏಳಕ್ಕೇ ಬಂದಿದ್ದರು. ಇಳಿಜಾರು ನೆಲಕ್ಕೆ ಸರಿಹೊಂದುವಂತೆ ಮೇಜು, ಮಂಚ, ಪುಸ್ತಕದ ಕಪಾಟಿನ ಕಾಲುಗಳಿಗೆ ಮರದ ಬೆಣೆಗಳನ್ನು ಅಳತೆ ಮಾಡಿ ಕೊಯ್ದು ತಂದಿದ್ದರು. ಒಂದೊಂದರ ಮೇಲೂ ಯಾವ ಕಾಲಿಗೆ ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ಮುಂದಿನ ಶನಿವಾರ ಕಿಟಕಿ ಬಿಗಿ ಮಾಡಲು ಬಂದರು. ಅದರ ಮುಂದಿನ ಶನಿವಾರ ನಲ್ಲಿಯ ವಾಷರ್. ಆಮೇಲಾಮೇಲೆ ಏನೂ ಕೆಟ್ಟಿರದಿದ್ದರೂ ಬರತೊಡಗಿದರು. ಹೆಂಡತಿಯನ್ನೂ ಕರೆತಂದರು. ಮಧ್ಯಾಹ್ನ ಮೃಗಾಲಯದ ಕಡೆ ನಡೆದು ಬರುವುದು, ಸಂಜೆ ಜೋಳದ ರೊಟ್ಟಿ ತಿಂದು ರೆಡ್ ಲೈನ್ ಮೆಟ್ರೋ ಹಿಡಿಯುವುದು ವಾಡಿಕೆಯಾಯಿತು.

ಎರಡು ವರ್ಷದ ಮೇಲೆ ನಾನು ಲೈಸೆನ್ಸ್ ಮರಳಿಸಿ ಮನೆಯಲ್ಲಿ ಕುಳಿತ ವಾರವೇ ಶಿವಾನಂದರ ಫೋನ್ ಬಂತು. ಯೋಗಕ್ಷೇಮ ಕೇಳಿದರು, ಮಗಳಿಗೆ ದೂರದ ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿ ಕೆಲಸ ಸಿಕ್ಕಿದ್ದನ್ನು ಹೇಳಿದರು, ರಾಕ್‌ವಿಲ್ ಮನೆ ಎಷ್ಟು ದೊಡ್ಡದು, ಗುಡಿಸುವುದು ಎಷ್ಟು ಕಷ್ಟ ಎಂದರು. ನಾನು ಕಾದೆ.

“ಅಕ್ಕನ ಬಿಲ್ಡಿಂಗ್‌ನ್ಯಾಗ ಇನ್ನೊಂದು ಅಪಾರ್ಟ್‌ಮೆಂಟ್ ಸೇಲ್‌ಗೆ ಬಂದೈತೇನ್ರಿ?”

ಎರಡನೇ ಮಹಡಿಯಲ್ಲಿ ಒಂದು ಬಂದಿತ್ತು. ನಾನೀಗ ಮಾರುವಂತಿಲ್ಲ, ಒಬ್ಬ ಒಳ್ಳೆಯ ಹುಡುಗಿಯ ನಂಬರ್ ಕೊಡುತ್ತೇನೆ ಎಂದೆ. ಅಕ್ಕನಿಗೆ ಸದ್ಯಕ್ಕೆ ಹೇಳಬೇಡಿ ಎಂದರು. ನಾನು ಹೇಳುವುದಿಲ್ಲ, ನೀವೇ ಹೇಳಿ, ಇವತ್ತೇ ಹೇಳಿ ಎಂದೆ.

ಗಂಟೆಯೊಳಗೆ ಗಿರಿಜಾ ಫೋನ್ ಮಾಡಿದರು. ಹಿಂದೆ ಕುಕ್ಕರು ಕೂಗುತ್ತಿತ್ತು. ಸಿಟ್ಟಾಗಿದ್ದಾರೋ ಏನೋ ಎಂದುಕೊಂಡೆ.

“ಬರ್ಲಿ ಅಂದೇನಿ,” ಎಂದರು. ದನಿಯಲ್ಲಿ ನಗು ತುಳುಕುತ್ತಿತ್ತು. “ಎರಡನೇ ಮಹಡಿ ಛೊಲೊ ಐತಿ. ಆದ್ರ ಪದ್ಮಿನಿಯವರ, ಆ ಹುಡುಗಿಗೆ ಒಂದ್ ಮಾತ್ ಹೇಳಿಡ್ರಿ. ನಾಳೆ ಐದನೇ ಮಹಡ್ಯಾಗ ಯಾವುದಾರ ಖಾಲಿ ಆತಂದ್ರ, ನನ್ನ ತಮ್ಮಗ ತೋರ್ಸಬ್ಯಾಡ ಅನ್ರಿ.”